ಕೋಟ್‌ಗಢದ ಸೇಬಿನ ಸಸಿ

ಹಿಮಾಚಲದ ಕೋಟ್‌ಗಢದಲ್ಲಿ ಸೇಬಿನ ಸಸಿ ನೆಡುವುದು ಎಲೆಯೆಲ್ಲ ಉದುರಿದ ಚಳಿಗಾಲದಲ್ಲಿ. ನೋಡಿದರೆ ಒಣಕಡ್ಡಿ. ಅಮೆರಿಕದಿಂದ ಬಂದು ಇಲ್ಲೇ ನೆಲೆನಿಂತ ಸ್ಯಾಮ್ಯುಯೆಲ್ ಸ್ಟೋಕ್ಸ್ 1916ರ ಸುಮಾರಿಗೆ ತರಿಸಿ ನೆಟ್ಟ ರೆಡ್ ಡೆಲಿಷಿಯಸ್ ಈ ಬೆಟ್ಟಗಳ ಬದುಕನ್ನೇ ಬದಲಿಸಿತು.

ನೆಡುವಾಗ ಬೆಳೆಗಾರರ ಕಣ್ಣೆಲ್ಲ ಕಸಿಗಂಟಿನ ಮೇಲೆ. ಅದು ಮಣ್ಣಿನಿಂದ ಗೇಣುದ್ದ ಮೇಲಿರಬೇಕು. ಹೂತುಹೋದರೆ ಕಸಿಕೊಂಬೆಯೇ ಬೇರುಬಿಟ್ಟು, ಗಿಡವನ್ನು ಗಿಡ್ಡವಾಗಿಡುವ ಬೇರಿನ ಗುಣ ಕೈತಪ್ಪುತ್ತದೆ. ಆಮೇಲೆ ಸುಮಾರು 75 ಸೆಂಟಿಮೀಟರ್ ಎತ್ತರದಲ್ಲಿ, ಮೊಗ್ಗಿನ ಮೇಲೆ ಓರೆಯಾಗಿ ಸಸಿಯ ತಲೆ ಕತ್ತರಿಸುತ್ತಾರೆ. ನೆಟ್ಟ ಬೆನ್ನಿಗೇ ಕತ್ತರಿ! ಹೊಸಬರಿಗೆ ಕರುಳು ಚುರ್ರೆನ್ನುತ್ತದೆ. ಆದರೆ ಪಕ್ಕದ ಕೊಂಬೆಗಳು ಒಡೆಯುವುದು ಆ ಕತ್ತರಿಯಿಂದಲೇ.

ಬುಡಕ್ಕೆ ಒಣಹುಲ್ಲಿನ ಹೊದಿಕೆ. ಕಾಂಡಕ್ಕೆ ಮಾತ್ರ ಅದು ತಾಗಬಾರದು, ಇಲಿ ಸೇರಿಕೊಂಡು ತೊಗಟೆ ಮೇಯುತ್ತದೆ.

ರೆಡ್ ಡೆಲಿಷಿಯಸ್ ತನ್ನದೇ ಪರಾಗವನ್ನು ನಂಬಿ ಕಾಯಿ ಕಟ್ಟುವ ಜಾತಿಯಲ್ಲ. ನಾಲ್ಕೇ ಗಿಡದ ತೋಟವಾದರೂ ಅದರಲ್ಲೊಂದು ಗೋಲ್ಡನ್ ಡೆಲಿಷಿಯಸ್ ಇರಲಿ.