ಸೂಲಗಿತ್ತಿಯ ಅಂಗೈ

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಕಾಸು ಮುಟ್ಟದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಕೈ ಅದು, ಕಲಿತದ್ದು ಅಜ್ಜಿಯಿಂದ. ಬಸುರಿಯ ಹೊಟ್ಟೆ ಮೇಲೆ ಅಂಗೈ ಇಟ್ಟರೆ ಸಾಕು, ಕೂಸಿನ ತಲೆ ಎತ್ತ ತಿರುಗಿದೆ ಅಂತ ತಿಳಿಯುತ್ತಿತ್ತಂತೆ.

ನನಗೆ ಇನ್ನೂ ಬೆರಗು ತರುವುದು ಹೆರಿಗೆಯ ಆಮೇಲಿನ ಕೆಲಸ. ಬಾಣಂತಿ ಮನೆಯಲ್ಲಿ ನೀರೆರೆಯುವ ಅಜ್ಜಿಯನ್ನು ನೋಡಬೇಕು. ಕಾಲು ನೀಡಿ ಕೂತು, ಕೂಸನ್ನು ಮೊಣಕಾಲ ಮೇಲೆ ಬೋರಲು ಹಾಕಿ, ಹರಳೆಣ್ಣೆ ನೀವುತ್ತಾಳೆ. ಬಿಸಿನೀರು ಮೊದಲು ತನ್ನ ಕಾಲಿಗೆ, ಹದ ಗೊತ್ತಾದ ಮೇಲೆ ಕೂಸಿನ ಬೆನ್ನಿಗೆ. ಎಡಗೈ ಗಲ್ಲದಡಿ ಬಟ್ಟಲಿನಂತೆ ನಿಂತಿರುತ್ತೆ. ಮೂಗಿಗೆ ಹನಿ ತಾಗಲ್ಲ. ನೀರೆರೆದ ಮೇಲೆ ಹಾಕುವ ಸಾಂಬ್ರಾಣಿ ಹೊಗೆ ಮಾತ್ರ ಬೇಡ ಅಂತಾರೆ ಡಾಕ್ಟರು, ಒಪ್ಪೋಣ. ನೀರೆರೆದು ಮುಗಿಯುವಷ್ಟರಲ್ಲಿ ಕೂಸು ಅಳು ನಿಲ್ಲಿಸಿ ಆಕಳಿಸುತ್ತೆ.