ಬಿರುದಿನ ಹಿಂದಿನ ಲೆಕ್ಕ

2025ರ ಮೇ 24, ಶನಿವಾರ ಸಂಜೆ. ಕಲ್ಯದ ನಮ್ಮ ಮನೆಯ ಜಗಲಿಯ ಮೇಲೆ ಕೂತು, ತಮ್ಮನ ಮಗನ ಮೊಬೈಲಿನಲ್ಲಿ ಮೊನಾಕೊ ಎಂಬ ಊರಿನ ಬೀದಿಗಳಲ್ಲಿ ನಡೆಯುತ್ತಿದ್ದ ಕಾರು ಓಟ ನೋಡುತ್ತಿದ್ದೆ. ಕಣಜದಷ್ಟು ಅಗಲದ ಪರದೆ ಬೇಕಾದ ಆಟವನ್ನು ಅಂಗೈಯಗಲದ ಗಾಜಿನಲ್ಲಿ ನೋಡಿದರೆ ಇರುವೆ ಸಾಲು ಕಂಡ ಹಾಗೆ ಕಾಣುತ್ತದೆ. ಆದರೂ ನಡುನಡುವೆ ಸಿಗ್ನಲ್ ಹೋಗಿ ಬಂದು, ಕೊನೆಗೆ ಬೆಂಗಳೂರಿನ ಕುಶ್ ಮೈನಿ ಮೊದಲನೆಯವನಾಗಿ ಗೆರೆ ದಾಟಿದ್ದು ಕಂಡಿತು. ಸ್ವಲ್ಪ ಹೊತ್ತಿಗೆ ನಮ್ಮ ರಾಷ್ಟ್ರಗೀತೆ ಕೇಳಿಸಿತು. ಹುಡುಗ ಮೊಬೈಲನ್ನು ಜಗಲಿಯ ಕಂಬಕ್ಕೆ ಒರಗಿಸಿಟ್ಟು ಎದ್ದು ನಿಂತ. ನಾನೂ ನಿಂತೆ. ಗೀತೆ ಮುಗಿದ ಮೇಲೆ ಅವನು ಕೇಳಿದ: “ದೊಡ್ಡಪ್ಪ, ಅವತ್ತು ಸ್ಕೂಲಲ್ಲಿ ನೀವು ಹೇಳಿದ್ದು ಇವರ ವಿಷಯಾನೇ ಅಲ್ವಾ?”

“ಅಲ್ಲ ಕಣೋ, ಅದು ಇವನ ಅಣ್ಣ” ಎಂದೆ. ಅವನು ಮತ್ತೇನೂ ಕೇಳಲಿಲ್ಲ. ಕೇಳದೆ ಇದ್ದದ್ದೇ ನನ್ನನ್ನು ಈ ಬರಹಕ್ಕೆ ಹಚ್ಚಿತು.

ಮರುದಿನದ ಸುದ್ದಿಗಳನ್ನು ಓದಿದೆ. ಎಲ್ಲ ಕಡೆಯೂ ಒಂದೇ ಪಲ್ಲವಿ: ಮೊನಾಕೊದಲ್ಲಿ ಫಾರ್ಮುಲಾ 2 ಗೆದ್ದ ಮೊದಲ ಭಾರತೀಯ. ಮಾತು ಸುಳ್ಳಲ್ಲ. ಆದರೆ ನಮ್ಮ ಪತ್ರಿಕೆಗಳ ಕ್ರೀಡಾಪುಟ ಈ ಆಟದ ಹುಡುಗರ ಬಗ್ಗೆ ಬರೆಯುವ ರೀತಿಯನ್ನು ಹದಿನೈದು ವರ್ಷಗಳಿಂದ ಗಮನಿಸಿದ ನನಗೆ ಅದು ಬರಬರುತ್ತ ವರದಿಯಾಗಿ ಉಳಿಯದೆ ಬಿರುದಾವಳಿಯಾಗಿದೆ ಎನ್ನಿಸುತ್ತದೆ. ಹಳೆಯ ಶಾಸನಗಳ ಮೊದಲ ಹತ್ತು ಸಾಲಿನಲ್ಲಿ ಅರಸನ ಬಿರುದುಗಳು ಬರುತ್ತವಲ್ಲ, ಹಾಗೆ. ಮೊದಲಿಗ, ಏಕೈಕ, ಅತಿ ಕಿರಿಯ. ‘ಮೊದಲ ಭಾರತೀಯ’ ಎಂಬ ಬಿರುದಿಗಂತೂ ಎಷ್ಟು ಬಾಲಗಳು! ಫಾರ್ಮುಲಾ 2ರಲ್ಲಿ ಗೆದ್ದ ಮೊದಲ ಭಾರತೀಯ ಮುಂಬಯಿಯ ಜೆಹಾನ್ ದಾರುವಾಲಾ, 2020ರ ಡಿಸೆಂಬರಿನಲ್ಲಿ. ಅದಕ್ಕೂ ಹಿಂದೆ ಜಿಪಿ3ರಲ್ಲಿ ಗೆದ್ದ ಮೊದಲ ಭಾರತೀಯ ಕುಶ್‌ನ ಅಣ್ಣ ಅರ್ಜುನ್, 2017ರಲ್ಲಿ ಬಾರ್ಸಿಲೋನಾದಲ್ಲಿ. ಹೀಗೆ ಒಂದೊಂದು ಮೆಟ್ಟಿಲಿಗೂ ಒಬ್ಬೊಬ್ಬ ಮೊದಲಿಗ. ಏಣಿ ಮಾತ್ರ ಎಲ್ಲಿಗೆ ಒರಗಿದೆ, ಯಾರು ಹಿಡಿದುಕೊಂಡಿದ್ದಾರೆ ಎಂದು ಯಾರೂ ಬರೆಯುವುದಿಲ್ಲ.

ನಮ್ಮೂರಿನವನಾದ್ದರಿಂದ ಶಾಸನದ ಮಾತು ನನಗೆ ಬೇಗ ಬಾಯಿಗೆ ಬರುತ್ತದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾದಾಗ ವಿಜಯನಗರದ ಬುಕ್ಕರಾಯ ಮಾಡಿಸಿದ ಒಪ್ಪಂದದ ಕಲ್ಲು ಶ್ರವಣಬೆಳಗೊಳದಲ್ಲಿರುವಂತೆ ನಮ್ಮ ಕಲ್ಯದಲ್ಲೂ ಸಿಕ್ಕಿದೆ. ಪಾಠಪುಸ್ತಕಗಳು ಅದನ್ನು ಸಮರಸದ ಶಾಸನವೆಂದು ಕೊಂಡಾಡುತ್ತವೆ. ನನಗೆ ಅದರಲ್ಲಿ ಹೆಚ್ಚು ಹಿಡಿಸುವುದು ಬೇರೆಯೇ. ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳು, ಅದಕ್ಕೆ ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣ, ಉಳಿದದ್ದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಎಂದು ಅಲ್ಲಿ ಲೆಕ್ಕ ಬರೆದಿದೆ. ಬಿರುದೂ ಇದೆ, ಹಣ ಯಾರ ಮನೆಯಿಂದ ಬರಬೇಕೆಂಬುದೂ ಇದೆ. ಆರು ನೂರೈವತ್ತು ವರ್ಷಗಳ ಹಿಂದೆ ಕಲ್ಲು ಕಡೆದವನಿಗೆ ಇದ್ದ ಈ ಪ್ರಾಮಾಣಿಕತೆ ನಮ್ಮ ಕ್ರೀಡಾ ಬರಹಗಾರರಿಗೆ ಯಾಕಿಲ್ಲ?

ನನಗೂ ಇರಲಿಲ್ಲ. ಅದನ್ನೇ ಹೇಳಬೇಕು.

2014ರಲ್ಲಿ ನಾನು ಇನ್ನೂ ಮೇಷ್ಟರಾಗಿದ್ದೆ. ಆ ವರ್ಷ ಅರ್ಜುನ್ ಮೈನಿ ಇಂಗ್ಲೆಂಡಿನ ಬಿಆರ್‌ಡಿಸಿ ಫಾರ್ಮುಲಾ 4 ಪಂದ್ಯಾವಳಿಯಲ್ಲಿ ಎರಡನೆಯವನಾದ. ಹದಿನಾರು ವರ್ಷದ ಹುಡುಗ. ಪೇಪರಿನಲ್ಲಿ ಓದಿದವನೇ ಶಾಲೆಯ ಸಮಾರಂಭವೊಂದರಲ್ಲಿ ಅದನ್ನು ಹುರಿಗೊಳಿಸಿ ಹೇಳಿದೆ. ಜೊತೆಗೆ ಲೂಯಿಸ್ ಹ್ಯಾಮಿಲ್ಟನ್ನನ ಕಥೆ: ಸ್ಟೀವನೇಜ್ ಎಂಬ ಸಣ್ಣ ಊರಿನವನು, ಮಗನ ಕಾರ್ಟಿಗಾಗಿ ತಂದೆ ಎರಡು ಮೂರು ಕೆಲಸ ಮಾಡಿದ, ಮಗ ಜಗತ್ತನ್ನು ಗೆದ್ದ. ‘ಸಾಮರ್ಥ್ಯ ಇದ್ದರೆ ದಾರಿ ತಾನಾಗಿ ತೆರೆಯುತ್ತದೆ ಮಕ್ಕಳೇ’ ಎಂದು ಮುಗಿಸಿದೆ. ಚಪ್ಪಾಳೆ ಬಿತ್ತು. ಏಳನೇ ತರಗತಿಯ ಸಾಲಿನಲ್ಲಿ ನನ್ನ ತಮ್ಮನ ಮಗ ಕೂತಿದ್ದ.

ಹ್ಯಾಮಿಲ್ಟನ್ನನ ಕಥೆಯಲ್ಲಿ ನಾನು ನುಂಗಿದ ಒಂದು ಸಾಲಿದೆ. 1998ರಲ್ಲಿ, ಅವನಿಗೆ ಹದಿಮೂರು ವರ್ಷವಾಗಿದ್ದಾಗ, ಮೆಕ್ಲಾರೆನ್ ತಂಡ ಅವನನ್ನು ತನ್ನ ಯೋಜನೆಗೆ ಸೇರಿಸಿಕೊಂಡಿತು. ತಂದೆಯ ಬೆವರು ಅವನನ್ನು ಆ ಬಾಗಿಲವರೆಗೆ ತಂದಿತು ನಿಜ. ಬಾಗಿಲಿನ ಆಚೆಗೆ ಹೊತ್ತುಕೊಂಡು ಹೋದದ್ದು ಒಂದು ದೊಡ್ಡ ಕಂಪನಿಯ ಖಜಾನೆ. ಬಡವನ ಮಗನ ಕಥೆ ಹೇಳುವವರು ಈ ಸಾಲನ್ನು ಬಿಟ್ಟರೆ ಅದು ಕಥೆಯಲ್ಲ, ಆಸೆ ತೋರಿಸಿ ಮಾಡುವ ಮೋಸ.

ಅರ್ಜುನನ ಕಥೆಯಲ್ಲೂ ಹೀಗೇ ಬಿಟ್ಟಿದ್ದೆ. ಅವನ ಅಜ್ಜ ಸುದರ್ಶನ್ ಮೈನಿ 1973ರಲ್ಲಿ ಬೆಂಗಳೂರಿನಲ್ಲಿ ಉದ್ಯಮ ಕಟ್ಟಿದವರು. ಚಿಕ್ಕಪ್ಪ ಚೇತನ್ ಮೈನಿ ‘ರೇವಾ’ ಎಂಬ ಪುಟಾಣಿ ವಿದ್ಯುತ್ ಕಾರನ್ನು ಈ ಶತಮಾನದ ಆರಂಭದಲ್ಲೇ ಬೀದಿಗಿಳಿಸಿದವರು. ತಂದೆ ಗೌತಮ್ ಸ್ವತಃ ರೇಸ್ ಓಡಿಸಿದವರು. ಮನೆಯೇ ಒಂದು ಗ್ಯಾರೇಜು ಎನ್ನಬಹುದು. ಇದನ್ನು ಹಂಗಿಸಲು ಹೇಳುತ್ತಿಲ್ಲ. ಪಿಟೀಲಿನವರ ಮನೆಯಲ್ಲಿ ಹುಟ್ಟಿದ ಮಗು ಪಿಟೀಲು ಹಿಡಿದರೆ ಅದರ ಸಾಧನೆ ಕಡಿಮೆಯೇನೂ ಆಗುವುದಿಲ್ಲ. ಆದರೆ ಪಿಟೀಲೇ ಕಾಣದ ಮನೆಯ ಮಗುವಿಗೆ ‘ನೋಡು, ಅವನಂತೆ ಬಾರಿಸು’ ಎನ್ನುವ ಮೇಷ್ಟರನ್ನು ಏನನ್ನಬೇಕು?

ಈಗ ಆ 2014ರ ಪಂದ್ಯಾವಳಿಗೆ ಬರುತ್ತೇನೆ. ಇಡೀ ವಿಷಯದ ತಿರುಳು ಅಲ್ಲಿದೆ ಎಂದು ನನ್ನ ನಂಬಿಕೆ. ಅರ್ಜುನನನ್ನು ಎರಡನೆಯ ಸ್ಥಾನಕ್ಕೆ ತಳ್ಳಿ ಗೆದ್ದವನು ಜಾರ್ಜ್ ರಸೆಲ್ ಎಂಬ ಇಂಗ್ಲಿಷ್ ಹುಡುಗ. ಇಬ್ಬರಿಗೂ ಹೆಚ್ಚು ಕಡಿಮೆ ಒಂದೇ ವಯಸ್ಸು, ಒಂದೇ ಮಾದರಿಯ ಕಾರು, ತಂಡವೂ ಒಂದೇ. ಕೊನೆಯ ವಾರಾಂತ್ಯದವರೆಗೂ ತೀರ್ಮಾನವಾಗಿರಲಿಲ್ಲ. ಅಂದರೆ ಆ ವರ್ಷ ಇಬ್ಬರ ನಡುವೆ ಇದ್ದದ್ದು ಕೂದಲೆಳೆ. ಮೂರು ವರ್ಷ ಬಿಟ್ಟು 2017ರ ಜಿಪಿ3 ಪಟ್ಟಿ ನೋಡಿ: ರಸೆಲ್ ಚಾಂಪಿಯನ್, ಮೈನಿ ಒಂಬತ್ತನೆಯವನು. 2018ರ ಫಾರ್ಮುಲಾ 2: ರಸೆಲ್ ಮತ್ತೆ ಚಾಂಪಿಯನ್, ಮೈನಿ ಹದಿನಾರನೆಯವನು. 2019ರಲ್ಲಿ ರಸೆಲ್ ಫಾರ್ಮುಲಾ 1 ಸೇರಿದ. 2022ರಲ್ಲಿ ಮರ್ಸಿಡೀಸ್ ಕಾರಿನಲ್ಲಿ ಬ್ರೆಜಿಲಿನಲ್ಲಿ ಗೆದ್ದ.

ಕೂದಲೆಳೆ ನಾಲ್ಕು ವರ್ಷದಲ್ಲಿ ಹೊಳೆಯಾದದ್ದು ಹೇಗೆ? ರಸೆಲ್ ಹೆಚ್ಚು ಪ್ರತಿಭಾವಂತ ಎಂದುಬಿಡುವುದು ಸುಲಭದ ಉತ್ತರ. ಅದರಲ್ಲಿ ಸತ್ಯವೂ ಇದ್ದೀತು. ಆದರೆ 2017ರ ಹೊತ್ತಿಗೆ ಅವನು ಮರ್ಸಿಡೀಸಿನ ಕಿರಿಯರ ಯೋಜನೆಯಲ್ಲಿದ್ದ, ಆ ವರ್ಗದ ಅತ್ಯುತ್ತಮ ತಂಡವಾದ ಎಆರ್‌ಟಿಯ ಕಾರಿನಲ್ಲಿ ಕೂತಿದ್ದ. ಮೈನಿ ಮೊದಲು ಯೆನ್‌ಜರ್, ಆಮೇಲೆ ಟ್ರೈಡೆಂಟ್ ಎಂಬ ಸಣ್ಣ ತಂಡಗಳಲ್ಲಿದ್ದ. ಕಾರುಗಳು ಒಂದೇ ಅಚ್ಚಿನವಾದರೂ ಅವನ್ನು ಹದಗೊಳಿಸುವ ಕೈಗಳು ಒಂದೇ ಅಲ್ಲ. ಟಯರಿನ ಗಾಳಿ, ಸ್ಪ್ರಿಂಗಿನ ಬಿಗಿ, ನೆಲಕ್ಕೂ ಕಾರಿಗೂ ನಡುವಿನ ಬೆರಳಂತರ, ಇವನ್ನು ಓದಬಲ್ಲ ಎಂಜಿನಿಯರು ಯಾರ ಬಳಿ ಇದ್ದಾನೋ ಅವನ ಕಾರು ಓಡುತ್ತದೆ. ರೇಷ್ಮೆ ಹುಳು ಸಾಕುವವರಿಗೆ ಇದನ್ನು ವಿವರಿಸಬೇಕಿಲ್ಲ. ಒಂದೇ ಚಾಕಿಯಿಂದ ತಂದ ಹುಳು ಒಂದು ಮನೆಯಲ್ಲಿ ಗೂಡು ಕಟ್ಟುತ್ತದೆ, ಪಕ್ಕದ ಮನೆಯಲ್ಲಿ ಸುಣ್ಣಕಟ್ಟಿ ಸಾಯುತ್ತದೆ.

2018ರಲ್ಲಿ ಇನ್ನೊಂದು ಪ್ರಕರಣವೂ ನಡೆಯಿತು. ಸಿಲ್ವರ್‌ಸ್ಟೋನಿನಲ್ಲಿ, ಓಟ ಮುಗಿದು ಕಾರುಗಳು ನಿಧಾನವಾಗಿ ಬರುತ್ತಿದ್ದಾಗ, ಅರ್ಜುನನದೇ ತಂಡದ ಸ್ಯಾಂಟಿನೊ ಫೆರೂಚಿ ಅವನ ಕಾರಿಗೆ ಗುದ್ದಿದ. ಫೆರೂಚಿಗೆ ನಾಲ್ಕು ಓಟಗಳ ನಿಷೇಧ, ದಂಡ; ತಂಡವೂ ಅವನನ್ನು ಕೈಬಿಟ್ಟಿತು. ನಮ್ಮಲ್ಲಿ ಅರ್ಜುನನ ಹೆಸರು ಅತಿ ಹೆಚ್ಚು ಅಚ್ಚಾದದ್ದು ಬಹುಶಃ ಆ ವಾರವೇ. ಗೆದ್ದಾಗ ಬಿರುದು, ಗುದ್ದಿದಾಗ ಸುದ್ದಿ. ನಡುವಿನ ಹತ್ತು ತಿಂಗಳು ಅವನು ಏನು ಮಾಡುತ್ತಿದ್ದ ಎಂಬುದಕ್ಕೆ ಜಾಗವಿಲ್ಲ.

ಎಲ್ಲವನ್ನೂ ತಂಡದ ತಲೆಗೆ ಕಟ್ಟುವುದೂ ಅಪ್ರಾಮಾಣಿಕವೇ. ತಮ್ಮ ಕುಶ್‌ನ 2024ರ ಲೆಕ್ಕ ಅದಕ್ಕೆ ಸಾಕ್ಷಿ. ಆ ವರ್ಷ ಅವನು ಇದ್ದ ಇನ್ವಿಕ್ಟಾ ತಂಡವೇ ಫಾರ್ಮುಲಾ 2ರ ತಂಡಗಳ ಪ್ರಶಸ್ತಿ ಗೆದ್ದಿತು. ಪಕ್ಕದ ಕಾರಿನಲ್ಲಿದ್ದ ಬ್ರೆಜಿಲಿನ ಗೇಬ್ರಿಯಲ್ ಬೊರ್ಟೊಲೆಟೊ ಚಾಂಪಿಯನ್ ಆಗಿ ಮರುವರ್ಷವೇ ಫಾರ್ಮುಲಾ 1 ಸೇರಿದ. ಕುಶ್ ಹದಿಮೂರನೆಯವನು. ವರ್ಷದ ಆರಂಭದಲ್ಲಿ ಬಹರೇನಿನಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿಸಿಯೂ ತಾಂತ್ರಿಕ ತಪಾಸಣೆಯಲ್ಲಿ ಕಾರು ಅನರ್ಹವಾಗಿ ಮೊದಲ ಜಾಗ ಕಳೆದುಕೊಂಡ. ಹಂಗೇರಿಯಲ್ಲಿ ಅದೇ ತಿರುಗುಮುರುಗಾಯಿತು: ಮುಂದಿದ್ದವನು ಅನರ್ಹನಾಗಿ ಇವನು ಗೆದ್ದವನೆನಿಸಿದ. ಅದೃಷ್ಟ ಒಂದು ಕೈಯಲ್ಲಿ ಕಿತ್ತುಕೊಂಡು ಇನ್ನೊಂದರಲ್ಲಿ ಕೊಟ್ಟಿತು. ಅಷ್ಟಾದರೂ ಬೊರ್ಟೊಲೆಟೊಗೂ ಇವನಿಗೂ ನಡುವಿನ ಅಂತರ ಅದೃಷ್ಟದ್ದಲ್ಲ. ಇದನ್ನು ಬರೆದರೆ ದೇಶದ್ರೋಹವೇನೂ ಆಗುವುದಿಲ್ಲ. ಬರೆಯದಿದ್ದರೆ ಓದುಗನಿಗೆ ಆಟ ತಿಳಿಯುವುದಿಲ್ಲ.

ಮೊನಾಕೊ ಗೆಲುವಿಗೂ ಇದೇ ಮಾತು. ಶನಿವಾರದ ಸಣ್ಣ ಓಟದಲ್ಲಿ ಅರ್ಹತಾ ಸುತ್ತಿನ ಮೊದಲ ಹತ್ತು ಮಂದಿಯನ್ನು ತಲೆಕೆಳಗು ಮಾಡಿ ನಿಲ್ಲಿಸುತ್ತಾರೆ. ಹತ್ತನೆಯವನು ಮೊದಲು, ಮೊದಲನೆಯವನು ಹತ್ತನೆಯ ಜಾಗದಲ್ಲಿ. ಕುಶ್ ಹೀಗೆ ಮುಂದೆ ನಿಂತವನು. ಯಾವ ವರದಿಗಾರ ಇದನ್ನು ವಿವರಿಸಿದ? ವಿವರಿಸಿದರೆ ಗೆಲುವು ಚಿಕ್ಕದಾಗುತ್ತದೆಂಬ ಭಯ. ನನಗಂತೂ ಅದು ದೊಡ್ಡದಾಗಿಯೇ ಕಂಡಿತು. ಎರಡೂ ಕಡೆ ಕಬ್ಬಿಣದ ತಡೆಗೋಡೆ, ಮೊಳದಷ್ಟೂ ತಪ್ಪಲು ಜಾಗವಿಲ್ಲ, ಬೆನ್ನಿಗೆ ಇಡೀ ಹಿಂಡು. ಮುಂದೆ ನಿಲ್ಲುವುದು ನಿಯಮದ ಕೊಡುಗೆ, ಕೊನೆಯ ಸುತ್ತಿನವರೆಗೂ ಮುಂದೆಯೇ ಉಳಿಯುವುದು ಅವನ ಕೈಕಾಲಿನದು. ಈ ಎರಡನ್ನು ಬೇರೆ ಮಾಡಿ ಹೇಳುವುದಕ್ಕೇ ವಿಮರ್ಶೆ ಎನ್ನುವುದು. ನಾಟಕದ ಬಗ್ಗೆ ಮಾಡುತ್ತೇವೆ, ಕಾದಂಬರಿಯ ಬಗ್ಗೆ ಮಾಡುತ್ತೇವೆ, ಆಟದ ಬಗ್ಗೆ ಮಾತ್ರ ಮಂಗಳಾರತಿ.

ಅರ್ಜುನ್ ಫಾರ್ಮುಲಾ 1 ತಲುಪಲಿಲ್ಲ. 2019ರಲ್ಲಿ ಲೆ ಮಾನ್ಸಿನ ಇಪ್ಪತ್ತನಾಲ್ಕು ಗಂಟೆಯ ಓಟದಲ್ಲಿ ಓಡಿಸಿದ. ಅಲ್ಲಿ ಅವನ ಜೊತೆಗಾರರಲ್ಲೊಬ್ಬ ನಾರ್ಮನ್ ನಾಟೊ. 2021ರಿಂದ ಜರ್ಮನಿಯ ಡಿಟಿಎಂ ಸರಣಿಯಲ್ಲಿ, ತಲೆಯ ಮೇಲೆ ಮಾಡು ಇರುವ ಕಾರುಗಳಲ್ಲಿ ಓಡಿಸಿದ. ವರ್ಷಗಟ್ಟಲೆ ಯೂರೋಪಿನ ಪಳಗಿದ ಚಾಲಕರ ನಡುವೆ ಜಾಗ ಉಳಿಸಿಕೊಳ್ಳುವುದು ಸಣ್ಣ ಮಾತಲ್ಲ. ಆದರೆ ನಮ್ಮ ಪುಟಗಳ ಪಾಲಿಗೆ ಅವನು ‘ತಲುಪದವನು’. 2005ರ ನಾರಾಯಣ್ ಕಾರ್ತಿಕೇಯನ್, 2010ರ ಕರುಣ್ ಚಾಂಧೋಕ್ ಬಿಟ್ಟರೆ ಇನ್ನು ಯಾರು ಎಂಬ ಒಂದೇ ಪ್ರಶ್ನೆ.

ನನ್ನ ಭಾಷಣದ ಮರುವರ್ಷ, ಗೂಡು ಮಾರಿದ ದುಡ್ಡಿನಲ್ಲಿ ಒಂದಿಷ್ಟು ಕೊಟ್ಟು ತಮ್ಮ ಮಗನನ್ನು ಬೆಂಗಳೂರಿನ ಒಂದು ಗೋಕಾರ್ಟ್ ಅಂಗಳಕ್ಕೆ ಕರೆದುಕೊಂಡು ಹೋಗಿದ್ದ. ಹತ್ತು ನಿಮಿಷ ಓಡಿಸಿದ ಹುಡುಗ ತನ್ನ ತಂಡದಲ್ಲಿ ಎಲ್ಲರಿಗಿಂತ ಬೇಗ ಸುತ್ತು ಮುಗಿಸಿದ್ದನಂತೆ. ಸ್ಪರ್ಧೆಗೆ ಸೇರುವುದು ಹೇಗೆಂದು ಕೇಳಿದಾಗ ಯಾರೋ ಒಬ್ಬರು ಚೀಟಿಯಲ್ಲಿ ಬರೆದುಕೊಟ್ಟರು: ಕಾರ್ಟು, ಎಂಜಿನ್ನು, ಟಯರು, ಮೆಕ್ಯಾನಿಕ್ಕು, ಪ್ರವೇಶ ಶುಲ್ಕ, ಊರೂರು ತಿರುಗುವ ಖರ್ಚು. ಕಾರಿನ ಸರ್ಕ್ಯೂಟು ಬೇಕೆಂದರೆ ಮದ್ರಾಸಿನ ಬಳಿಗೋ ಕೊಯಮತ್ತೂರಿಗೋ ಹೋಗಬೇಕು. ಹುಡುಗ ಆ ಚೀಟಿ ತಂದು ನನಗೆ ತೋರಿಸಿದ. ಕೂಡಿ ನೋಡಿದರೆ ಅವರ ಎರಡು ವರ್ಷದ ರೇಷ್ಮೆ ಬೆಳೆಗಿಂತ ಹೆಚ್ಚಿತ್ತು, ಅದೂ ಏಣಿಯ ಮೊದಲ ಮೆಟ್ಟಿಲಿಗೆ.

“ದಾರಿ ತಾನಾಗೇ ತೆರ್ಕೊಳ್ತದೆ ಅಂದಿದ್ರಲ್ಲ ದೊಡ್ಡಪ್ಪ?” ಎಂದ. ಅದರಲ್ಲಿ ವ್ಯಂಗ್ಯವಿರಲಿಲ್ಲ. ನಿಜಕ್ಕೂ ಕೇಳುತ್ತಿದ್ದ. ನಾನು ‘ಮೊದಲು ಓದು’ ಎಂದು ಗದರಿದೆ. ಮೇಷ್ಟರಿಗೆ ಉತ್ತರ ಗೊತ್ತಿಲ್ಲದಾಗ ಬಾಯಿಗೆ ಬರುವ ಮಾತು ಅದು.

ಅವನಿಗೆ ಈಗ ಇಪ್ಪತ್ತಮೂರು ದಾಟಿದೆ. ಬಿಡದಿ ಕಡೆಯ ಒಂದು ಕಡೆ ಕೆಲಸ. ಸಿದ್ಧವಾದ ಹೊಸ ಕಾರುಗಳನ್ನು ಒಳಗಿನಿಂದ ಓಡಿಸಿಕೊಂಡು ಬಂದು ಹೊರಗಿನ ಬಯಲಿನಲ್ಲಿ ಸಾಲಾಗಿ ನಿಲ್ಲಿಸುವುದು. ಮೊನಾಕೊ ನೋಡಿದ ಆ ಸಂಜೆ ಅವನು ಹೊರಡುವಾಗ, ದಿನಕ್ಕೆ ಎಷ್ಟು ಕಾರು ಓಡಿಸುತ್ತೀಯೆಂದು ಕೇಳಿದೆ.

“ಲೆಕ್ಕ ಇಟ್ಟಿಲ್ಲ ದೊಡ್ಡಪ್ಪ. ಒಂದೊಂದೂ ಅರ್ಧ ಕಿಲೋಮೀಟ್ರು. ಎರಡನೇ ಗೇರ್ ದಾಟಂಗಿಲ್ಲ” ಎಂದು ಬೈಕು ಹತ್ತಿದ. ಮಾಗಡಿ ರಸ್ತೆಯ ತಿರುವಿನಲ್ಲಿ ಅವನು ಬೈಕು ವಾಲಿಸಿದ ರೀತಿಯನ್ನು ಜಗಲಿಯಿಂದಲೇ ನೋಡಿದೆ. ಗಾಡಿ ಒಂದಿಷ್ಟೂ ತುಯ್ಯಲಿಲ್ಲ.