ಬರವಣಿಗೆಯ ಹೊಸ ಸಾಧನಗಳೂ ಪಾಠನಿಷ್ಠೆಯೂ: ಹಂಪಿಯ ಪರಿಸರದ ವಿದ್ಯಾರ್ಥಿಯನ್ನು ಕುರಿತು

ಬರೆಯುವ ಸಾಧನವು ಬರೆದುದರ ಮೇಲೆ ತನ್ನ ಗುರುತನ್ನು ಬಿಡದೆ ಇರುವುದಿಲ್ಲ. ಗ್ರಂಥಸಂಪಾದನೆಯಲ್ಲಿ ಪರಿಶ್ರಮವಿರುವವರಿಗೆ ಈ ಸಂಗತಿ ಹೊಸದಲ್ಲ. ಹಳಗಾಲದ ಶಾಸನಗಳಲ್ಲಿಯೂ ಓಲೆಗರಿಗಳಲ್ಲಿಯೂ ಎಕಾರ ಏಕಾರಗಳಿಗೆ, ಒಕಾರ ಓಕಾರಗಳಿಗೆ ಸಾಮಾನ್ಯವಾಗಿ ಬೇರೆ ಬೇರೆ ಗುರುತುಗಳಿರಲಿಲ್ಲ. ಓದುವವನು ಅರ್ಥದ ಬಲದಿಂದಲೋ ಛಂದಸ್ಸಿನ ಬಲದಿಂದಲೋ ಹ್ರಸ್ವದೀರ್ಘಗಳನ್ನು ನಿಶ್ಚಯಿಸಿಕೊಳ್ಳಬೇಕಾಗಿತ್ತು. ಲಿಪಿಕಾರನ ಕಣ್ತಪ್ಪು, ಕೈತಪ್ಪುಗಳಲ್ಲದೆ, ತನಗೆ ತಿಳಿಯದ ಪದವನ್ನು ತಿಳಿದ ಪದವಾಗಿ ತಿದ್ದುವ ಅವನ ಉತ್ಸಾಹವೂ ಎಷ್ಟೋ ಒಳ್ಳೆಯ ಪಾಠಗಳನ್ನು ಕೆಡಿಸಿದೆ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ (1964) ಈ ಶಾಸ್ತ್ರದ ತತ್ತ್ವಗಳನ್ನು ಕನ್ನಡದ ವಿದ್ಯಾರ್ಥಿಗಳ ಮುಂದೆ ಕ್ರಮವಾಗಿ ಇರಿಸಿದ ಗ್ರಂಥ.

ಇಂದಿನ ವಿದ್ಯಾರ್ಥಿಯ ಕೈಯಲ್ಲಿ ಓಲೆಯೂ ಇಲ್ಲ, ಕಂಟವೂ ಇಲ್ಲ. ಅವನು ಬೆರಳಚ್ಚಿನಿಂದ ಬರೆಯುತ್ತಾನೆ, ಕೈಫೋನಿನಿಂದ ಚಿತ್ರ ತೆಗೆಯುತ್ತಾನೆ, ದನಿಯನ್ನು ಅಕ್ಷರವಾಗಿಸುವ ತಂತ್ರಾಂಶಕ್ಕೆ ಹಾಡನ್ನು ಕೇಳಿಸುತ್ತಾನೆ. ಆದುದರಿಂದ ಲಿಪಿಕಾರನ ಕಾಲ ಮುಗಿಯಿತೆಂದು ಭಾವಿಸುವುದು ಸಹಜ. ನಮ್ಮ ಅಭಿಪ್ರಾಯದಲ್ಲಿ ಅದು ಸರಿಯಲ್ಲ. ಲಿಪಿಕಾರನು ಇಲ್ಲವಾಗಿಲ್ಲ, ಯಂತ್ರದೊಳಗೆ ಸೇರಿಕೊಂಡಿದ್ದಾನೆ. ಅವನ ದೋಷಗಳನ್ನು ಗುರುತಿಸುವ ವಿವೇಕವನ್ನು ನಮ್ಮ ವಿದ್ಯಾರ್ಥಿಗಳಿಗೆ ನಾವು ಇನ್ನೂ ಕಲಿಸುತ್ತಿಲ್ಲವೆಂಬುದೇ ಈ ಲೇಖನದ ವಾದ. ಇಲ್ಲಿ ‘ವಿದ್ಯಾರ್ಥಿ’ ಎಂದಾಗ ಯಾವ ಒಬ್ಬ ವ್ಯಕ್ತಿಯನ್ನೂ ಉದ್ದೇಶಿಸಿಲ್ಲ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಸುತ್ತಣ ಸಾಮಗ್ರಿಯನ್ನು ಹೊಸ ಸಾಧನಗಳಿಂದ ಸಂಗ್ರಹಿಸಲು ಹೊರಟ ಯಾರನ್ನಾದರೂ ಈ ಮಾತು ಒಳಗೊಳ್ಳುತ್ತದೆ.

ಈ ಪ್ರದೇಶವನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. 1991ರಲ್ಲಿ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾಲಯವು ಹಂಪಿಯ ಮಗ್ಗುಲಲ್ಲಿ, ‘ವಿದ್ಯಾರಣ್ಯ’ ಎಂಬ ಆವರಣದಲ್ಲಿದೆ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ಹೊಸಪೇಟೆ ಅದರ ಕೇಂದ್ರವಾಯಿತು. ಸಂಡೂರು ಕಂಪ್ಲಿಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದುವು. ಆಡಳಿತದ ಗಡಿ ಬದಲಾದರೂ ಸಂಶೋಧಕನಿಗೆ ಇದು ಒಂದೇ ಕ್ಷೇತ್ರ. ಕಲ್ಲಿನ ಮೇಲಿನ ಬರಹ, ಬಾಯಿಂದ ಬಾಯಿಗೆ ಬಂದ ಹಾಡು ಎರಡೂ ಇಲ್ಲಿ ಕೂಗಳತೆಯಲ್ಲಿ ದೊರೆಯುತ್ತವೆ. ಹೊಸ ಸಾಧನಗಳ ಗುಣದೋಷಗಳನ್ನು ಒರೆಹಚ್ಚುವುದಕ್ಕೆ ಇದಕ್ಕಿಂತ ತಕ್ಕ ನೆಲ ಕಡಿಮೆ.

ಮೊದಲು ಅಕ್ಷರದ ಮಾತನ್ನೇ ನೋಡೋಣ. ಕನ್ನಡವು ಗಣಕಕ್ಕೆ ಬಂದ ಬಗೆ ಒಂದು ಸಾಹಸದ ಕಥೆ. ಕಿನ್ನಿಕಂಬಳ ಪದ್ಮನಾಭ ರಾವ್ ಅವರು ಧ್ವನಿಗೆ ಅನುಗುಣವಾದ ಕೀಲಿಮಣೆಯನ್ನು ರೂಪಿಸಿಕೊಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಕಚೇರಿಕಚೇರಿಗಳಿಗೆ ಹರಡಿತು. ಪೂರ್ಣಚಂದ್ರ ತೇಜಸ್ವಿಯವರ ಆಸಕ್ತಿಯ ಫಲವಾಗಿ ಕನ್ನಡ ವಿಶ್ವವಿದ್ಯಾಲಯವೇ ‘ಕುವೆಂಪು’ ಹೆಸರಿನ ತಂತ್ರಾಂಶವನ್ನು ಹೊರತಂದಿತು. ಇವರೆಲ್ಲರಿಗೆ ಕನ್ನಡಿಗರು ಋಣಿಗಳು. ಆದರೆ ಆ ಕಾಲದ ಬಹುಪಾಲು ಅಕ್ಷರಶೈಲಿಗಳು ಅಕ್ಷರವನ್ನು ಅಕ್ಷರವಾಗಿ ಕೂಡಿಡುತ್ತಿರಲಿಲ್ಲ. ಅದರ ಆಕಾರದ ತುಂಡುಗಳನ್ನು ಯೂರೋಪಿನ ಲಿಪಿಗೆ ಮೀಸಲಾದ ಸಂಕೇತಗಳ ಮೇಲೆ ಹೊದಿಸಿ ಇಡುತ್ತಿದ್ದುವು. ‘ನುಡಿ’ಯ ಹಳೆಯ ಶೈಲಿಯಲ್ಲಿ ‘ಕನ್ನಡ’ ಎಂಬ ಪದಕ್ಕೆ 7 ಸಂಕೇತಗಳು ಬೇಕು, ಏಕೆಂದರೆ ತಲೆಕಟ್ಟುಗಳೂ ಬೇರೆ ತುಂಡುಗಳು. ಯೂನಿಕೋಡಿನಲ್ಲಿ ಅದೇ ಪದಕ್ಕೆ 5 ಸಾಕು: ಕ, ನ, ವಿರಾಮ, ನ, ಡ. ‘ಧರ್ಮ’ ಎಂಬಲ್ಲಿ ಹಳೆಯ ಶೈಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವಂತೆ ಮಕಾರದ ಅನಂತರ ಇಡುತ್ತದೆ. ಯೂನಿಕೋಡು ಉಚ್ಚಾರಣೆಯ ಕ್ರಮದಲ್ಲಿ ರಕಾರವನ್ನು ಮೊದಲು ಇಡುತ್ತದೆ.

ಇದು ಯಂತ್ರಜ್ಞರ ವಿಷಯ, ಸಾಹಿತ್ಯವಿದ್ಯಾರ್ಥಿಗೆ ಏಕೆ ಎಂದು ಕೇಳಬಹುದು. ಹಳೆಯ ಶೈಲಿಯಲ್ಲಿ ಬೆರಳಚ್ಚಾದ ನಿಬಂಧವನ್ನು ಆ ಅಕ್ಷರಶೈಲಿಯಿಲ್ಲದ ಗಣಕದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಪರಲಿಪಿಯ ಸಾಲುಗಳು ಕಾಣುತ್ತವೆ. ಅದರಲ್ಲಿ ಕನ್ನಡ ಪದವೊಂದನ್ನು ಹುಡುಕಿದರೆ ದೊರೆಯದು. ಅಕಾರಾದಿಯಾಗಿ ಜೋಡಿಸಲೂ ಬರದು. ಪರಿವರ್ತಕದ ಮೂಲಕ ಹಾಯಿಸಿದರೆ ಒತ್ತಕ್ಷರಗಳೂ ಅರ್ಕಾವತ್ತುಗಳೂ ಸ್ಥಾನ ತಪ್ಪುವ ಸಂಭವವುಂಟು. ಹುಳು ತಿಂದ ಓಲೆಗೂ ಇದಕ್ಕೂ ವ್ಯತ್ಯಾಸವೇನು? ಓಲೆಯಲ್ಲಿ ನಷ್ಟವು ಕಣ್ಣಿಗೆ ಕಾಣುತ್ತದೆ. ಇಲ್ಲಿ ಪರಿವರ್ತಿತ ಪುಟ ಅಚ್ಚುಕಟ್ಟಾಗಿ ಕಾಣುವುದರಿಂದ ದೋಷವು ಮರೆಯಾಗುತ್ತದೆ.

ಯೂನಿಕೋಡಾದರೂ ಪೂರ್ಣ ನಿರ್ದುಷ್ಟವಲ್ಲ. 1991ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಅದರಲ್ಲಿ 128 ಸ್ಥಾನಗಳ ಒಂದು ವಿಭಾಗವಿದೆ. ಅದರಲ್ಲಿ ಹಳಗನ್ನಡದ ಱ, ೞ ಎರಡಕ್ಕೂ ಎಡೆ ದೊರೆತುದು ಸಂತೋಷದ ಸಂಗತಿ. ಆದರೆ ೞಕಾರಕ್ಕೆ ‘ಫ’ ಎಂದು ಇಂಗ್ಲಿಷಿನ ಎಫ್ ಅಕ್ಷರದ ದನಿಯ ಹೆಸರು ತಪ್ಪಾಗಿ ಬಿದ್ದಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ವ್ಯವಸ್ಥೆಯ ನಿಯಮವಾದುದರಿಂದ, ಸರಿಯಾದ ಹೆಸರನ್ನು ಪಕ್ಕದಲ್ಲಿ ಸೂಚಿಸಿದ್ದಾರೆಯೇ ಹೊರತು ತಪ್ಪು ಹಾಗೆಯೇ ಉಳಿದಿದೆ. ಹಳಗನ್ನಡದ ನಕಾರಪೊಲ್ಲಿಗೆ ಪ್ರತ್ಯೇಕ ಸ್ಥಾನ ದೊರೆತುದು 2021ರಲ್ಲಿ. ಅದಕ್ಕೆ ಮುಂಚೆ ಗಣಕದಲ್ಲಿ ಶಾಸನಪಾಠ ಬರೆದ ವಿದ್ಯಾರ್ಥಿ ಆ ಚಿಹ್ನೆಯನ್ನು ಇಂದಿನ ‘ನ್’ ಆಗಿಯೇ ಬರೆಯಬೇಕಾಗಿತ್ತು. ಅವನ ಪಾಠದಲ್ಲಿ ಆ ರೂಪ ಕಾಣದಿದ್ದರೆ ಅದು ಕಲ್ಲಿನ ಸಾಕ್ಷ್ಯವಲ್ಲ, ಸಾಧನದ ಕೊರತೆ. ಯಾವ ವರ್ಷ, ಯಾವ ಸಾಧನದಿಂದ ಬರೆದುದೆಂಬ ಟಿಪ್ಪಣಿ ಇಲ್ಲದಿದ್ದರೆ ಮುಂದಿನವನಿಗೆ ಇದು ತಿಳಿಯುವುದು ಹೇಗೆ?

ಇನ್ನು ಕಲ್ಲಿನ ಬರಹಕ್ಕೆ ಬರೋಣ. ಬಳ್ಳಾರಿ ಸೀಮೆ 1953ರವರೆಗೆ ಮದರಾಸು ಪ್ರಾಂತದಲ್ಲಿದ್ದುದರಿಂದ ಇಲ್ಲಿಯ ಅನೇಕ ಶಾಸನಗಳು ‘ದಕ್ಷಿಣ ಭಾರತ ಶಾಸನಗಳು’ ಮಾಲೆಯ 9ನೆಯ ಸಂಪುಟದಲ್ಲಿ ಅಚ್ಚಾದುವು. ಅದರ ಮೊದಲ ಭಾಗ 1939ರಲ್ಲಿ ಆರ್. ಶಾಮಾಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣ ರಾವ್ ಅವರ ಸಂಪಾದಕತ್ವದಲ್ಲಿ ಬಂದಿತು. ವಿಜಯನಗರ ಕಾಲದ ಶಾಸನಗಳನ್ನು ಓದಿದವರಿಗೆ ‘ಯೀ’, ‘ಯೆರಡು’, ‘ವೊಂದು’ ಮೊದಲಾದ ರೂಪಗಳು ಚಿರಪರಿಚಿತ. ಪದಾದಿಯ ಸ್ವರಕ್ಕೆ ಯಕಾರ ವಕಾರಗಳು ಹತ್ತಿಕೊಳ್ಳುವುದು ಅಂದಿನ ಉಚ್ಚಾರಣೆಗೆ ಸಾಕ್ಷಿ. ಇಂದಿಗೂ ನಮ್ಮ ಆಡುಮಾತಿನಲ್ಲಿ ಅದು ಕೇಳಿಬರುತ್ತದೆ. ಇಂಥ ಪಾಠವನ್ನು ಕಾಗುಣಿತ ತಿದ್ದುವ ತಂತ್ರಾಂಶದ ಮುಂದಿಟ್ಟರೆ ಅದು ‘ಯೀ’ ಎಂಬುದರ ಕೆಳಗೆ ಕೆಂಪುಗೆರೆ ಎಳೆದು ‘ಈ’ ಎಂದು ಸೂಚಿಸುತ್ತದೆ. ಅವಸರದ ವಿದ್ಯಾರ್ಥಿ ಒಪ್ಪಿಬಿಡುತ್ತಾನೆ. ಒಂದೊಂದು ಒಪ್ಪಿಗೆಯಲ್ಲಿಯೂ 16ನೆಯ ಶತಮಾನದ ಕಿವಿಗೆ ಕೇಳಿಸಿದ ದನಿಯೊಂದು ಅಳಿಸಿಹೋಗುತ್ತದೆ. ಹಿಂದಿನ ಲಿಪಿಕಾರನ ‘ತಿದ್ದುವ ಉತ್ಸಾಹ’ವೆಂದುದು ಇದನ್ನೇ.

ಕಲ್ಲು ಸಹನೆಯುಳ್ಳದ್ದು, ಒಂದು ಸಲ ತಪ್ಪಾಗಿ ಓದಿದರೆ ಇನ್ನೊಮ್ಮೆ ಹೋಗಿ ಓದಬಹುದು. ಹಾಡಿನ ಸ್ಥಿತಿ ಹಾಗಲ್ಲ. ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮನವರು ಹತ್ತಕ್ಕೂ ಹೆಚ್ಚು ಜನಪದ ಮಹಾಕಾವ್ಯಗಳನ್ನು ಕಂಠಸ್ಥವಾಗಿ ಹಾಡಬಲ್ಲವರಾಗಿದ್ದರು. ಕಂಪಿಲರಾಯನ ಮಗ ಕುಮಾರರಾಮನ ಕಥೆ ಅವುಗಳಲ್ಲಿ ಪ್ರಸಿದ್ಧವಾದುದು. 1327ರ ಸುಮಾರಿಗೆ ದೆಹಲಿಯ ಸೈನ್ಯಕ್ಕೆ ಸಿಕ್ಕಿ ಅಳಿದ ಕಂಪಿಲಿ ರಾಜ್ಯದ ಹೆಸರು ಇಂದಿನ ಕಂಪ್ಲಿಯಲ್ಲಿ ಉಳಿದಿದೆ; ಅದರ ವೀರನ ನೆನಪು ನಂಜುಂಡನ ಸಾಂಗತ್ಯದಲ್ಲಿಯೂ ಇಂಥ ಗಾಯಕರ ನಾಲಗೆಯಲ್ಲಿಯೂ ಉಳಿದು ಬಂದಿತು. ಕನ್ನಡ ವಿಶ್ವವಿದ್ಯಾಲಯವು ಈರಮ್ಮನವರಿಗೆ ‘ನಾಡೋಜ’ ಗೌರವವನ್ನು ನೀಡಿತು. 2014ರಲ್ಲಿ ಅವರು ತೀರಿಕೊಂಡರು. ಅವರ ಪಾಠದಲ್ಲಿ ಸಂದೇಹ ಬಂದರೆ ಇನ್ನು ಕೇಳುವುದು ಯಾರನ್ನು?

ಇಂಥ ಪರಂಪರೆಯ ಗಾಯಕರು ಇಂದಿಗೂ ಇದ್ದಾರೆ. ಅವರಲ್ಲಿಗೆ ಹೋಗುವ ವಿದ್ಯಾರ್ಥಿ ಕೈಫೋನಿನಲ್ಲಿ ಗಂಟೆಗಟ್ಟಲೆ ಧ್ವನಿಮುದ್ರಿಸಿಕೊಳ್ಳಬಲ್ಲ. ಹಿಂದೆ ಕಾಗದ ಸೀಸಕಡ್ಡಿ ಹಿಡಿದು ಹಾಡಿನ ವೇಗಕ್ಕೆ ಸೋಲುತ್ತಿದ್ದ ಸಂಗ್ರಾಹಕನಿಗೆ ಈ ಭಾಗ್ಯವಿರಲಿಲ್ಲ. ತೊಡಕು ಬರುವುದು ಅನಂತರ. ದನಿಯನ್ನು ಬರಹಕ್ಕಿಳಿಸುವ ತಂತ್ರಾಂಶಗಳು ಹೆಚ್ಚಾಗಿ ಶಿಷ್ಟಭಾಷೆಯ ಮಾದರಿಗಳಿಂದ ಕಲಿತವು. ‘ಬಂದೈತಿ’ ಎಂಬುದು ‘ಬಂದಿದೆ’ ಆಗಬಹುದು. ‘ಮಾಡ್ಯಾನ’ ಎಂಬುದು ‘ಮಾಡಿದ್ದಾನೆ’ ಆಗಬಹುದು. ನಡುವೆ ಬರುವ ತೆಲುಗು ಮಾತು ದನಿಯಲ್ಲಿ ಹತ್ತಿರವಾದ ಯಾವುದೋ ಕನ್ನಡ ಪದವಾಗಬಹುದು. ಸಹಗಾಯಕರ ದನಿಗೂಡಿಕೆ, ಪಲ್ಲವಿಯ ಆವೃತ್ತಿ, ಕಥೆಯ ನಡುವೆ ಕೇಳುಗರಿಗೆ ಹೇಳುವ ಮಾತು ಇವೆಲ್ಲ ಅನವಶ್ಯಕವೆಂದು ಬಿಟ್ಟುಹೋಗಬಹುದು. ಆದರೆ ಮೌಖಿಕ ಕಾವ್ಯದಲ್ಲಿ ಪುನರುಕ್ತಿ ದೋಷವಲ್ಲ. ಅದು ಕಟ್ಟಡದ ಕಂಬ. ಅದನ್ನು ತೆಗೆದ ಬಳಿಕ ಉಳಿಯುವುದು ಕಥೆಯ ಸಾರಾಂಶ, ಕಾವ್ಯವಲ್ಲ.

2022ರ ನವೆಂಬರಿನಲ್ಲಿ ‘ಚಾಟ್‌ಜಿಪಿಟಿ’ ಬಂದ ಮೇಲೆ ಈ ಪ್ರಶ್ನೆ ಇನ್ನೂ ತೀಕ್ಷ್ಣವಾಗಿದೆ. ಇಂಥ ಸಾಧನಗಳ ಮೂಲಕ್ರಿಯೆ ಸರಳವಾಗಿ ಹೇಳುವುದಾದರೆ, ಹಿಂದಿನ ಪದಖಂಡಗಳನ್ನು ನೋಡಿ ಮುಂದೆ ಬರಬಹುದಾದ ಖಂಡವನ್ನು ಸಂಭವನೀಯತೆಯ ಲೆಕ್ಕದಿಂದ ಆರಿಸುವುದು. ಅರ್ಧ ಸಿಡಿದುಹೋದ ದಾನಶಾಸನವೊಂದನ್ನು ಅದಕ್ಕೆ ಕೊಟ್ಟು ‘ಪೂರ್ಣಮಾಡು’ ಎಂದರೆ ಏನಾಗುತ್ತದೆಂಬುದನ್ನು ಯೋಚಿಸಬೇಕು. ಶಾಸನದ ಕೊನೆಯ ಶಾಪಾಶಯವು ಸಾವಿರಾರು ಶಾಸನಗಳಲ್ಲಿ ಒಂದೇ ಅಚ್ಚಿನದು. ಅದನ್ನು ಯಂತ್ರ ಚೆನ್ನಾಗಿಯೇ ತುಂಬೀತು. ಆದರೆ ದಾನಿಯ ಹೆಸರು, ಹೊಲದ ಅಳತೆ, ಕಾಲುವೆಯ ಎಲ್ಲೆ, ಈಗ ಹಾಳಾಗಿರುವ ಹಳ್ಳಿಯ ಹೆಸರು ಇವು ಆ ಒಂದು ಕಲ್ಲಿನಲ್ಲಿ ಮಾತ್ರ ಇದ್ದುವು. ಅಲ್ಲಿ ಹೆಚ್ಚು ಸಂಭವನೀಯವಾದುದೇ ಹೆಚ್ಚು ಸುಳ್ಳಾದುದು. ಚರಿತ್ರೆ ಇರುವುದೂ ಅಲ್ಲಿಯೇ. ಶಾಸನತಜ್ಞರು ಕಳೆದ ಅಕ್ಷರಗಳಿಗೆ ಚುಕ್ಕಿಯಿಟ್ಟು, ಸಂದಿಗ್ಧವಾದುವನ್ನು ಕಂಸದಲ್ಲಿಟ್ಟು ಬಿಡುವ ಪದ್ಧತಿ ಇದೆಯಷ್ಟೆ. ಆ ಚುಕ್ಕಿಗಳು ಅಜ್ಞಾನದ ಗುರುತುಗಳಲ್ಲ, ಪ್ರಾಮಾಣಿಕತೆಯ ಗುರುತುಗಳು. ತೆರಪನ್ನು ತೆರಪಾಗಿ ಬಿಡುವ ಸಂಯಮವನ್ನು ವಿದ್ಯಾರ್ಥಿಯೇ ತರಬೇಕು. ಅದನ್ನು ಸಾಧನವು ತಾನಾಗಿ ಕೊಡುವುದೆಂದು ನಂಬುವಂತಿಲ್ಲ.

ಇಷ್ಟು ಹೇಳಿದುದರಿಂದ ಹೊಸ ಸಾಧನಗಳನ್ನು ದೂರವಿಡಬೇಕೆಂಬುದು ನಮ್ಮ ಮತವೆಂದು ಯಾರೂ ತಿಳಿಯಬಾರದು. ಹಾಗೆ ಹೇಳುವವರು ಅಧ್ಯಾಪಕರಲ್ಲಿ ಇದ್ದಾರೆ. ಅವರ ಭಯ ಅರ್ಥವಾಗುವಂಥದು, ಆದರೆ ಪರಿಹಾರ ತಪ್ಪಾದುದು. ಸಂಡೂರಿನವರಾದ ಕಥೆಗಾರ ವಸುಧೇಂದ್ರರು ತಂತ್ರಾಂಶ ಕ್ಷೇತ್ರದಲ್ಲಿ ದುಡಿದವರು. ‘ತೇಜೋ-ತುಂಗಭದ್ರಾ’ (2019) ಕಾದಂಬರಿಯಲ್ಲಿ ಈ ನದೀತೀರದ ಚರಿತ್ರೆಯನ್ನೇ ವಸ್ತುವಾಗಿಸಿಕೊಂಡವರು. ಅವರೂ ಓಂಶಿವಪ್ರಕಾಶ ಮೊದಲಾದವರೂ ಸೇರಿ ರೂಪಿಸಿದ ‘ವಚನ ಸಂಚಯ’ದಲ್ಲಿ ಒಂದು ಪದ ಯಾವ ಯಾವ ವಚನಕಾರರಲ್ಲಿ ಎಷ್ಟು ಸಲ ಬಂದಿದೆಯೆಂಬುದನ್ನು ಕ್ಷಣಮಾತ್ರದಲ್ಲಿ ನೋಡಬಹುದು. ಹಿಂದೆ ವಿದ್ವಾಂಸನೊಬ್ಬನ ಹಲವು ವರ್ಷಗಳು ಪದಸೂಚಿಯ ಚೀಟಿಗಳಲ್ಲಿಯೇ ಕಳೆಯುತ್ತಿದ್ದುವು. ಆ ಶ್ರಮ ಉಳಿದುದು ಸಣ್ಣ ಲಾಭವಲ್ಲ. ಆದರೆ ಹುಡುಕಿ ಕೊಡುವುದು ಬೇರೆ, ಸೃಷ್ಟಿಸಿ ಕೊಡುವುದು ಬೇರೆ. ಹುಡುಕಿ ಕೊಟ್ಟುದನ್ನು ಮೂಲದೊಡನೆ ತಾಳೆನೋಡಬಹುದು. ಸೃಷ್ಟಿಸಿದುದಕ್ಕೆ ತಾಳೆನೋಡಲು ಮೂಲವೇ ಇಲ್ಲ. ಈ ಭೇದವನ್ನು ವಿದ್ಯಾರ್ಥಿ ಮನಗಂಡರೆ ಅರ್ಧ ಅಪಾಯ ಕಳೆದಂತೆ.

ಉಳಿದರ್ಧಕ್ಕೆ ಹೊಣೆ ವಿಭಾಗಗಳದು. ಕ್ಷೇತ್ರಕಾರ್ಯದ ನಿಬಂಧದೊಡನೆ ಮೂಲಚಿತ್ರಗಳನ್ನೂ ಮೂಲಧ್ವನಿಯನ್ನೂ ತಿದ್ದದೆ ಒಪ್ಪಿಸುವಂತೆ ನಿಯಮ ಮಾಡಬೇಕು. ಅದರ ಪಕ್ಕದಲ್ಲಿ ಇದ್ದುದನ್ನು ಇದ್ದಂತೆ ಬರೆದ ಪಾಠವಿರಬೇಕು. ತಿದ್ದಿದ ಪಾಠ ಅದಕ್ಕಿಂತ ಪ್ರತ್ಯೇಕವಾಗಿರಬೇಕು. ಪೀಠಿಕೆಯಲ್ಲಿ ಯಾವ ತಂತ್ರಾಂಶ, ಯಾವ ಆವೃತ್ತಿ, ಯಾವ ಕೆಲಸಕ್ಕೆ ಎಂಬುದನ್ನು, ಹಸ್ತಪ್ರತಿಗಳಿಗೆ ‘ಕ’, ‘ಚ’ ಎಂದು ಸಂಕೇತ ಕೊಟ್ಟು ವರ್ಣಿಸುವಷ್ಟೇ ಎಚ್ಚರದಿಂದ ಹೇಳಬೇಕು. ತಂತ್ರಾಂಶದ ಸೂಚನೆಯನ್ನು ಒಪ್ಪಿಕೊಂಡ ಕಡೆ ಅದನ್ನು ಅಡಿಟಿಪ್ಪಣಿಯಲ್ಲಿ ಪಾಠಾಂತರದಂತೆ ತೋರಿಸಬೇಕು. ಇದಕ್ಕೆ ಹೆಚ್ಚಿನ ಹಣ ಬೇಡ, ಯಂತ್ರವಿಜ್ಞಾನದ ಪದವಿಯೂ ಬೇಡ. ಗ್ರಂಥಸಂಪಾದನೆಯ ತರಗತಿಯಲ್ಲಿ ನಾವು ಹಿಂದಿನಿಂದ ಹೇಳುತ್ತ ಬಂದುದನ್ನೇ ಇನ್ನೊಂದು ಬಗೆಯ ಪ್ರತಿಗೆ ಅನ್ವಯಿಸಿದರೆ ಸಾಕು.

ಓಲೆಯ ಲಿಪಿಕಾರರಲ್ಲಿ ಅನೇಕರು ಗ್ರಂಥದ ಕೊನೆಯಲ್ಲಿ ತಮ್ಮ ಹೆಸರನ್ನು ಬರೆದು, ತಪ್ಪಿದ್ದರೆ ತಿದ್ದಿಕೊಂಡು ಓದಬೇಕೆಂದು ಬಲ್ಲವರನ್ನು ಬೇಡಿಕೊಳ್ಳುತ್ತಿದ್ದರು. ಆದುದರಿಂದಲೇ ಅವರ ತಪ್ಪುಗಳನ್ನು ನಾವು ಹುಡುಕಬಲ್ಲೆವು. ಯಂತ್ರದೊಳಗಿನ ಲಿಪಿಕಾರ ಅಂಥ ವಿನಯದ ಸಾಲನ್ನು ತಾನಾಗಿ ಬರೆಯುವವನಲ್ಲ. ಅವನ ಪರವಾಗಿ ಅದನ್ನು ಬರೆಯಬೇಕಾದವನು ವಿದ್ಯಾರ್ಥಿ. ಬರೆಯಿತೇ ಎಂದು ನೋಡಬೇಕಾದವನು ಅಧ್ಯಾಪಕ.